ಹೊಟ್ಟೆ ಬೆಳ್ಳಗೇ ಉಳಿದ ಕಾಳು

ಟಪ್ ಎಂದು ಹನಿ ಬಿದ್ದ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ನಡುರಾತ್ರಿ ದಾಟಿತ್ತು. ಗೋಡೆಯಾಚೆ ಹೆಪ್ಪಿನ ಕೋಣೆಯಲ್ಲಿ ಮೂರು ದಿನದ ಅನ್ನದ ರಾಶಿ ಗೋಣಿ ಹೊದ್ದು ಮಲಗಿತ್ತು. ಅದರದೇ ಉಗಿ ಚಾವಣಿಗೆ ತಗುಲಿ ತೊಟ್ಟಿಕ್ಕುತ್ತಿತ್ತು.

ಗುಟಿಯನ್ ಊರಿನ ನಮ್ಮ ಮನೆಯಲ್ಲಿ ಕೆಂಪು ಹೆಪ್ಪು ಮಾಡುವವರು ದೊಡ್ಡಪ್ಪ. ಅನ್ನಕ್ಕೆ ಹಳೆಯ ಹೆಪ್ಪು, ವಿನೆಗರ್ ಕಲಸಿ ರಾಶಿ ಹಾಕಿದರೆ ಅದರ ಬಿಸಿಗೆ ಬೂಷ್ಟು ಬೆಳೆದು, ಎಂಟು ದಿನಕ್ಕೆ ಕಾಳು ಒಳಗಿನವರೆಗೂ ಕೆಂಪಾಗಬೇಕು. ಚಳಿಗಾಲದ ಮದ್ಯಕ್ಕೆ ಊರವರು ಅದನ್ನೇ ಒಯ್ಯುತ್ತಾರೆ. ರಾಶಿಯನ್ನು ಯಾವಾಗ ಹರಡಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ದೊಡ್ಡಪ್ಪ ಅದರೊಳಗೆ ಮೊಣಕೈವರೆಗೆ ತೋಳು ಇಳಿಸಿ, ಬಿಸಿ ನೋಡಿ ಹೇಳುತ್ತಿದ್ದರು. ಐವತ್ತು ವರ್ಷದಿಂದ ಆ ತೋಳಿನ ಮಾತೇ ಕೊನೆ. ನಾನು ಫೂಝೌ ಕಾಲೇಜಿನಲ್ಲಿ ಇದನ್ನೇ ಓದಿ ಬಂದವಳು. ಆ ರಾತ್ರಿಯ ಕಾವಲು ನನ್ನದು.

"ಕಿಟಕಿ ಮುಟ್ಟಬೇಡ ಸುಯುನ್," ಎಂದು ಸಂಜೆಯೇ ಹೇಳಿದ್ದರು. "ಬಿಸಿ ಏರಿದ್ರೆ ನನ್ನ ಎಬ್ಬಿಸು."

"ತೇವ ಹೆಚ್ಚಾದ್ರೆ ರಾಶಿ ಕೆಡಿಸೋ ಹಸಿರು ಬೂಷ್ಟು ಬರುತ್ತಲ್ಲ ದೊಡ್ಡಪ್ಪ?"

"ಬರುತ್ತೆ, ನಿನ್ನ ಪುಸ್ತಕದಲ್ಲಿ. ಇಲ್ಲಿ ಬಂದ ದಿನ ಕರೆದು ತೋರಿಸ್ತೀನಿ."

ಹನಿಗಳನ್ನು ಎಣಿಸುತ್ತ ಕುಳಿತೆ. ಒಂದೊಂದೂ ಗೋಣಿಯ ಮೇಲೆ ಬೀಳುವಾಗ ಕೆಳಗೆ ಹಸಿರು ಚುಕ್ಕೆ ಮೂಡಿದಂತೆ ಅನ್ನಿಸುತ್ತಿತ್ತು. ಎಬ್ಬಿಸಿದರೆ ನಕ್ಕಾರು ಎಂಬ ಅಂಜಿಕೆ. ಕೊನೆಗೆ ಎದ್ದು ಹೋಗಿ ಕಿಟಕಿಯನ್ನು ಒಂದು ಗೇಣು ತೆರೆದೆ. ಹನಿ ನಿಂತಿತು. ಆ ನೆಮ್ಮದಿಯಲ್ಲೇ ಕುಳಿತುಬಿಟ್ಟೆ. ನಸುಕಿಗೆ ಬಡಗಣ ಗಾಳಿ ಕೊರೆಯತೊಡಗಿದಾಗ ಓಡಿಹೋಗಿ, ಕಳ್ಳಿಯ ಹಾಗೆ ಸದ್ದಾಗದಂತೆ ಕಿಟಕಿ ಮುಚ್ಚಿದೆ. ಗೋಣಿ ತಣ್ಣಗಿತ್ತು.

ಬೆಳಿಗ್ಗೆ ದೊಡ್ಡಪ್ಪ ತೋಳು ಇಳಿಸಿ ಬಹಳ ಹೊತ್ತು ಹಾಗೇ ಕುಳಿತರು. ಆಮೇಲೆ ಇನ್ನೆರಡು ಗೋಣಿ ತಂದು ಹೊದಿಸಿದರು.

ಎಂಟನೆಯ ದಿನ ಕಾಳು ಮುರಿದು ನೋಡಿದರು. ಮೇಲೆ ಗುಲಾಬಿ, ಹೊಟ್ಟೆ ಬೆಳ್ಳಗೆ. ಮತ್ತೊಂದು, ಮಗದೊಂದು. ಎಲ್ಲ ಹಾಗೇ.

"ಇದು ಹೆಪ್ಪಲ್ಲಪ್ಪ, ಮದುವೆ ಹೆಣ್ಣಿನ ಕೆನ್ನೆಗೆ ಹಚ್ಚೋ ಬಣ್ಣ," ಎಂದ ಅವರ ಮಗ ಗೆನ್‌ಫಾ.

ದೊಡ್ಡಪ್ಪ ನಗಲಿಲ್ಲ. "ಮೂರನೇ ದಿನ ಸಂಜೆ ಸರಿಯಾಗೇ ಇತ್ತು ಕಣೋ. ತೋಳಿಗೆ ಹಾಗನ್ನಿಸ್ತು."

"ನಿಮಗೂ ವಯಸ್ಸಾಯ್ತು, ಒಪ್ಕೊಳ್ಳಿ," ಎಂದರು ದೊಡ್ಡಮ್ಮ. ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಅದೇ ಹೆಚ್ಚು ನೋಯಿಸಿತು.

ದೊಡ್ಡಪ್ಪ ನನ್ನತ್ತ ತಿರುಗಿದರು. "ಆ ರಾತ್ರಿ ಏನಾದ್ರೂ ಆಯ್ತಾ ಮಗಳೇ?"

"ಇಲ್ಲ ದೊಡ್ಡಪ್ಪ."

ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತ್ತು. ಆಮೇಲೆ ಯೋಚಿಸಲು ಬೇಕಾದಷ್ಟು ಸಮಯವಿತ್ತು. ಅವರು ತಲೆಯಾಡಿಸಿದರು, ನನ್ನನ್ನು ನಂಬಿ. ಆ ರಾಶಿಯನ್ನು ಗೆನ್‌ಫಾ ಹಂದಿಗಳಿಗೆ ಸುರಿದು ಬಂದ.

ಮುಂದಿನ ರಾಶಿ ಹಾಕಿದ ಮೂರನೆಯ ಸಂಜೆ ದೊಡ್ಡಪ್ಪ ಕೋಣೆಯ ಬಾಗಿಲಲ್ಲೇ ನಿಂತರು. ಅಂಗಿಯ ತೋಳು ಮಡಚಿಕೊಂಡಿರಲಿಲ್ಲ.

"ನೀನೇ ನೋಡು ಸುಯುನ್. ಹರಡೋದಾ, ಬಿಡೋದಾ?"

"ನೀವು ನೋಡಿ ದೊಡ್ಡಪ್ಪ."

"ನನ್ನದು ಬಿಡು. ಓದಿದವಳು ನೀನು."

ತೋಳು ಇಳಿಸಿದೆ. ಬಿಸಿ, ಅಷ್ಟೇ. ಅದು ಸಾಕಷ್ಟು ಬಿಸಿಯೋ ಅತಿಯೋ ನನಗೆ ತಿಳಿಯಲಿಲ್ಲ. ಅವರಿಗೆ ತಿಳಿಯುತ್ತಿತ್ತು. ಎರಡು ಹೆಜ್ಜೆ ದೂರದಲ್ಲಿ, ಶಾಲೆಯ ಹುಡುಗನಂತೆ ನನ್ನ ಮುಖ ನೋಡುತ್ತ ನಿಂತಿದ್ದರು. ಕಿಟಕಿ ತೆರೆದವಳು ನಾನೇ ಎಂದರೆ ಸಾಕು, ಆ ತೋಳಿಗೆ ಅದರ ಮರ್ಯಾದೆ ಮರಳುತ್ತಿತ್ತು. ಜೊತೆಗೆ, ಇಷ್ಟು ದಿನ ಅವರು ತಲೆತಗ್ಗಿಸಿ ಉಣ್ಣುವುದನ್ನು ನಾನು ಎದುರಿಗೆ ಕುಳಿತೇ ನೋಡಿದ್ದೆ ಎನ್ನುವುದೂ ಅವರಿಗೆ ತಿಳಿದುಹೋಗುತ್ತಿತ್ತು.

"ಹರಡೋಣ," ಎಂದೆ.

ಅವರು ಮರದ ಗೋರೆ ಎತ್ತಿಕೊಂಡು, ಒಮ್ಮೆಯೂ ಮುಟ್ಟಿ ನೋಡದೆ, ನಾನು ಹೇಳಿದಂತೆ ಹರಡತೊಡಗಿದರು. ಈ ವಯಸ್ಸಿನಲ್ಲಿ ಅವರ ಮನಸ್ಸಿಗೆ ಇನ್ನಷ್ಟು ನೋವು ಏಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪವೆಂದು ಗೊತ್ತಿತ್ತು. ಗೊತ್ತಿದ್ದೂ, ಇದನ್ನು ಯಾರಿಗೂ ಹೇಳುವುದಿಲ್ಲವೆಂದು ಅಲ್ಲೇ ತೀರ್ಮಾನಿಸಿದೆ.