ಮುಂದಿನರ್ಧ ಯಾರದು, ಹಿಂದಿನರ್ಧ ಯಾರದು

ಬೇಕರಿಯಲ್ಲಿ ಒಲೆಯ ಮುಂದೆ ನಿಂತು ಇಪ್ಪತ್ತೆಂಟು ವರ್ಷ ಬ್ರೆಡ್ಡು ಬೇಯಿಸಿದವನನ್ನು ಓಣಿಯವರೆಲ್ಲ ಬ್ರೆಡ್ಡಣ್ಣ ಎಂದೇ ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಅವನು ಬೇಕರಿಯ ತೂತುಬಿದ್ದ ತಟ್ಟೆಗಳನ್ನು ಗುಜರಿಗೆ ಹಾಕಿಬರಲು ಹೋದ. ಬರುವಾಗ ಬಾಡಿಗೆ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಒಂದು ಮುದಿ ಪಿಕಪ್ ಗಾಡಿಯನ್ನು ಎಳೆಸಿಕೊಂಡು ಬಂದ. ಮುಟ್ಟಿದರೆ ತುಕ್ಕು ಹಪ್ಪಳದ ಹಾಗೆ ಉದುರುತ್ತಿತ್ತು. ಒಂದು ಬಾಗಿಲು ಮುಚ್ಚುತ್ತಿರಲಿಲ್ಲ, ಇನ್ನೊಂದು ತೆರೆಯುತ್ತಿರಲಿಲ್ಲ.

ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ತುಳಿಯುತ್ತಿದ್ದ ಹೆಂಡತಿ ಹೊರಗೆ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ರೀ, ತಟ್ಟೆ ಹಾಕಿ ಬನ್ನಿ ಅಂದ್ರೆ ಗುಜರಿನೇ ಮನೆಗೆ ತಂದಿದ್ದೀರಲ್ಲ!"

"ಇದು ಅಪ್ಪನ ಗಾಡಿ ಕಣೇ," ಎಂದ ಬ್ರೆಡ್ಡಣ್ಣ. "ಹಿಂದೆ ನಂಬರ್ ಬೋರ್ಡ್ ನೋಡು. ನಾಲ್ಕು ಏಳು ಒಂದು ಒಂಬತ್ತು. ಚಿಕ್ಕವನಿದ್ದಾಗ ಸ್ಲೇಟಿನ ಮೇಲೆ ಬರೀತಿದ್ದೆ."

ಅವನ ಅಪ್ಪ ಮನೆ ಬದಲಾಯಿಸುವವರ ಮಂಚ, ಬೀರು, ಪಾತ್ರೆಪಗಡೆ ಸಾಗಿಸುತ್ತಿದ್ದ. ಬ್ರೆಡ್ಡಣ್ಣನಿಗೆ ಒಂಬತ್ತು ವರ್ಷವಾಗಿದ್ದಾಗ ಗಾಡಿ ಮಾರಿದ, ಮರುವರ್ಷ ತೀರಿಕೊಂಡ. ಗಾಡಿಯದಾಗಲಿ ಅಪ್ಪನದಾಗಲಿ ಒಂದು ಫೋಟೋ ಕೂಡ ಮನೆಯಲ್ಲಿ ಉಳಿದಿರಲಿಲ್ಲ.

ಹೆಂಡತಿ ಬಾಗಿ ಬೋರ್ಡು ನೋಡಿದಳು. ಅದು ಒಂದೇ ಸ್ಕ್ರೂವಿನಲ್ಲಿ ಜೋತಾಡುತ್ತಿತ್ತು. "ನಂಬರು ನಿಮಗೆ ಮೊದಲೇ ನೆನಪಿತ್ತಾ, ಇಲ್ಲಾ ಇದನ್ನ ನೋಡಿದ ಮೇಲೆ ನೆನಪಾಯ್ತಾ?"

ಬ್ರೆಡ್ಡಣ್ಣ ಬೋರ್ಡನ್ನು ನೆಟ್ಟಗೆ ಮಾಡಿ, ಸ್ಕ್ರೂವನ್ನು ಉಗುರಿನಿಂದಲೇ ತಿರುಗಿಸತೊಡಗಿದ.

ಅಂದಿನಿಂದ ದಿನವೂ ಬೇಕರಿ ಕೆಲಸ ಮುಗಿಸಿ ಹನ್ನೆರಡಕ್ಕೆ ಮನೆಗೆ ಬಂದವನೇ ಅಂಗಳಕ್ಕೆ ಇಳಿಯುತ್ತಿದ್ದ. ಮನೆಖರ್ಚಿನ ದುಡ್ಡಿಗೆ ಕೈ ಹಾಕಬಾರದು ಎಂದು ಹೆಂಡತಿ ಗೆರೆ ಎಳೆದಿದ್ದಳು. ಹಾಗಾಗಿ ಇದ್ದುದರಲ್ಲೇ ಸುಧಾರಿಸಬೇಕಾಯಿತು. ತುಕ್ಕು ಹಿಡಿದ ಬೋಲ್ಟುಗಳನ್ನು ಬೇಕರಿಯಲ್ಲಿ ಹಳತಾಗಿದ್ದ ವಿನಿಗರ್ ಡಬ್ಬದಲ್ಲಿ ಎರಡು ದಿನ ನೆನೆಹಾಕಿದ. ಅವು ಹಲ್ಲುಜ್ಜಿಕೊಂಡು ಬಂದವರ ಹಾಗೆ ಹೊಳೆದವು. ಕಾರ್ಬುರೇಟರನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ಮತ್ತೆ ಜೋಡಿಸಿದಾಗ ಒಂದು ಸ್ಪ್ರಿಂಗು ಮಿಕ್ಕಿತು. ಎಲ್ಲಿಯದೆಂದು ತಲೆಬುಡ ತಿಳಿಯದೆ ಪೂರ್ತಿ ಬಿಚ್ಚಿ ಜೋಡಿಸಿದ. ಈ ಸಲ ಎರಡು ಮಿಕ್ಕವು.

"ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ," ಎಂದು ಕಿಟಕಿಯೊಳಗಿಂದ ಹೆಂಡತಿ ಹೇಳಿದಳು. ಆದರೂ ಯಾರೋ ಹೊಲಿಯಲು ಕೊಟ್ಟು ಮರಳಿ ಬಾರದೆ ಬಿಟ್ಟುಹೋಗಿದ್ದ ದಪ್ಪ ಕ್ಯಾನ್ವಾಸ್ ಬಟ್ಟೆಯಲ್ಲಿ ಸೀಟಿಗೆ ಗವಸು ಹೊಲಿದುಕೊಟ್ಟವಳು ಅವಳೇ.

ಗೊಂದಲ ಶುರುವಾದದ್ದು ಬಣ್ಣ ಕೆರೆಯುವಾಗ. ಗಾಡಿಗೆಲ್ಲ ಮೇಲೆ ಕೆಂಪು ಬಳಿದಿತ್ತು. ಉಪ್ಪುಕಾಗದ ಹಾಕಿ ಉಜ್ಜಿದರೆ ಮುಂದಿನ ಕ್ಯಾಬಿನ್ನಿನಲ್ಲಿ ಕೆಂಪಿನ ಕೆಳಗೆ ಹಸಿರು ಬಂತು. ಸಾಮಾನು ಹೇರುವ ಹಿಂದಿನ ತೊಟ್ಟಿಯಲ್ಲಿ ನೀಲಿ ಬಂತು. ತೊಟ್ಟಿಯ ತಳದಲ್ಲಿ ಅಂಟಿಕೊಂಡಿದ್ದ ರಬ್ಬರ್ ಹಾಸನ್ನು ಕಿತ್ತರೆ, ತೂತೊಂದನ್ನು ಮುಚ್ಚಲು ಹಳೇ ತಕ್ಕಡಿಯ ಹಿತ್ತಾಳೆ ತಟ್ಟೆಯನ್ನು ಯಾರೋ ರಿವೆಟ್ ಹೊಡೆದು ಕೂರಿಸಿದ್ದರು.

ಅಪ್ಪನ ಗಾಡಿ ಯಾವ ಬಣ್ಣದ್ದು? ಅವನಿಗೆ ನೆನಪಿದ್ದದ್ದು ಅದರ ಎತ್ತರ ಮಾತ್ರ. ತನಗಿಂತ ಎಂಟು ವರ್ಷಕ್ಕೆ ದೊಡ್ಡವಳಾದ, ನರ್ಸ್ ಕೆಲಸದಿಂದ ನಿವೃತ್ತಳಾಗಿದ್ದ ಅಕ್ಕನಿಗೆ ಫೋನು ಮಾಡಿದ.

"ನೀಲಿ," ಎಂದಳು ಅಕ್ಕ, ತಟ್ಟನೆ. "ಗೇರು ಸ್ಟೇರಿಂಗ್ ಪಕ್ಕ ಇತ್ತು."

ಈ ಗಾಡಿಯ ಗೇರು ನೆಲದಲ್ಲಿತ್ತು.

ತಲೆ ಗಿರ್ರೆಂದು ಬ್ರೆಡ್ಡಣ್ಣ ಬೀದಿಯ ಕೊನೆಯ ವೆಲ್ಡಿಂಗಿನವನನ್ನು ಕರೆತಂದ. ಅವನು ಅಂಗಾತ ಮಲಗಿ ಗಾಡಿಯ ಅಡಿಗೆ ಜಾರಿಕೊಂಡ. ಟಾರ್ಚು ಹಾಯಿಸಿ ಬಹಳ ಹೊತ್ತು ನೋಡಿ ಹೊರಗೆ ಬಂದ.

"ಅಣ್ಣಾ, ನೀವು ತಂದಿರೋದು ಒಂದು ಗಾಡಿ ಅಲ್ಲ. ಎರಡು."

"ಅಂದ್ರೆ?"

"ಇದರ ಮೂತಿ ಒಂದು ಗಾಡೀದು, ಬೆನ್ನು ಇನ್ನೊಂದರದು. ಎರಡೂ ಎಲ್ಲೋ ಆಕ್ಸಿಡೆಂಟ್ ಆಗಿ ಅರ್ಧರ್ಧ ಉಳಿದಿರಬೇಕು. ಯಾರೋ ಸೀಟಿನ ಹಿಂದೆ ಸೇರಿಸಿ ಬೆಸುಗೆ ಹಾಕಿದ್ದಾರೆ. ಮೂವತ್ತು ವರ್ಷ ಹಳೇ ಕೆಲಸ. ಗಟ್ಟಿ ಇದೆ ಬಿಡಿ, ನಮ್ಮಂಥೋರ ಕೈಲಿ ಆಗಲ್ಲ."

ಆ ಮಧ್ಯಾಹ್ನ ಬ್ರೆಡ್ಡಣ್ಣ ಊಟಕ್ಕೆ ಕೂತರೂ ಕೈ ತಟ್ಟೆಯಲ್ಲೇ ಉಳಿಯಿತು. ಲೆಕ್ಕ ಹಾಕಿದ: ನೀಲಿ ಹಿಂದಿದೆ, ನಂಬರ್ ಬೋರ್ಡೂ ಹಿಂದಿದೆ. ಹಾಗಾದರೆ ಹಿಂದಿನರ್ಧ ಅಪ್ಪನದು, ಮುಂದಿನರ್ಧ ಯಾರೋ ಪುಣ್ಯಾತ್ಮನದು. ಹೀಗಂದುಕೊಂಡ ಮೇಲೆ ನಾಲ್ಕು ತುತ್ತು ಇಳಿಯಿತು.

ಆದರೆ ಆ ಭಾನುವಾರ ಅಕ್ಕ ಬಸ್ಸು ಹತ್ತಿ ಖುದ್ದು ಬಂದಳು. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಕ್ಯಾಬಿನ್ನಿಗೆ ಹತ್ತಿ ಕೂತು, ಮುಚ್ಚದ ಬಾಗಿಲನ್ನು ಸವರಿದಳು.

"ಇದೇ ಕಣೋ. ಈ ಬಾಗಿಲಿಗೇ ನನ್ನ ಬೆರಳು ಸಿಕ್ಕಿದ್ದು. ಅಪ್ಪ ಎತ್ತಿಕೊಂಡು ಓಡಿದ್ರು."

"ಇದು ಹಸಿರು, ಅಕ್ಕ! ನೀನು ನೀಲಿ ಅಂದಿದ್ದೆ."

"ನೀಲಿ ಅಂದ್ನಾ? ಹಸಿರೇ ಇರಬೇಕು."

"ಗೇರು?"

"ಬದಲಾಯಿಸಿರ್ತಾರೆ. ಪೊಲೀಸಿನವರ ಹಾಗೆ ಏನೋ ಇದು ವಿಚಾರಣೆ!"

ಬ್ರೆಡ್ಡಣ್ಣ ಕಕ್ಕಾಬಿಕ್ಕಿಯಾಗಿ ಹೆಂಡತಿಯ ಮುಖ ನೋಡಿದ. ಅವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ನಗು ನುಂಗಿದಳು. ಯಾವ ಬಣ್ಣ ಬಳಿಯಬೇಕೆಂದು ಅವನಿಗೆ ತೋಚಲೇ ಇಲ್ಲ. ಕೊನೆಗೆ ಬಣ್ಣದಂಗಡಿಯಲ್ಲಿ ಯಾರೂ ಒಯ್ಯದೆ ಉಳಿದಿದ್ದ ಬೂದು ಡಬ್ಬಗಳನ್ನು ಅಗ್ಗಕ್ಕೆ ತಂದು ಬ್ರಷ್ಷಿನಲ್ಲೇ ಬಳಿದ. ಬ್ರಷ್ಷಿನ ಗೆರೆಗಳು ಹತ್ತು ಹೆಜ್ಜೆ ದೂರಕ್ಕೂ ಕಾಣುತ್ತಿದ್ದವು.

ಏಳು ತಿಂಗಳ ಮೇಲೆ, ಬೇಕರಿಗೆ ರಜೆಯಿದ್ದ ಒಂದು ಭಾನುವಾರ ಬೆಳಗ್ಗೆ, ಅಕ್ಕ ಮತ್ತೆ ಬಂದಿದ್ದಾಗ, ಗಾಡಿ ಕೆಮ್ಮಿತು, ಸೀನಿತು, ಅಂಗಳದ ತುಂಬ ಹೊಗೆ ಉಗುಳಿ ಗುಡುಗಿತು. ಅಕ್ಕನನ್ನೂ ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬ್ರೆಡ್ಡಣ್ಣ ಮಾರುಕಟ್ಟೆಯವರೆಗೆ ಓಡಿಸಿದ. ಅಲ್ಲಿ ತರಕಾರಿ ಸಾಲಿನ ಪಕ್ಕ ನಿಲ್ಲಿಸಿದಾಗ, ಕೈಚೀಲ ಹಿಡಿದ ಒಬ್ಬ ವಯಸ್ಸಾದ ಅಮ್ಮ ಬಂದು ತೊಟ್ಟಿಯ ಹಿಂಬಾಗಿಲಿನ ಮೇಲೆ ಕೈಯಿಟ್ಟು ನಿಂತುಬಿಟ್ಟಳು.

"ಏನಮ್ಮಾ?" ಎಂದು ಬ್ರೆಡ್ಡಣ್ಣ ಇಳಿದ.

"ಇದರ ಕೊಂಡಿ ಮೇಲಕ್ಕೆತ್ತಿ ಎಡಕ್ಕೆ ತಿರುಗಿಸಬೇಕು, ಅಲ್ವಾ? ಇದು ನಮ್ಮನೆಯವರ ಗಾಡಿ ಕಣಪ್ಪ."

"ಇಲ್ಲಮ್ಮ, ಇದು ನಮ್ಮ ತಂದೇದು," ಎಂದ. ಹೇಳುವಾಗಲೇ ನಾಲಿಗೆ ಅಳುಕಿತು.

"ನಮ್ಮದು ಹಣ್ಣಿನಂಗಡಿ. ಒಂದು ದಿನ ತೊಟ್ಟಿ ತೂತು ಬಿತ್ತು. ಮುಚ್ಚೋಕೆ ತಗಡಿಲ್ಲ ಅಂತ ನಮ್ಮನೆಯವರು ತಕ್ಕಡಿ ತಟ್ಟೆ ಕಿತ್ತು ಹೊಡೆದುಬಿಟ್ಟರು. ವಾರವೆಲ್ಲ ಅಂದಾಜಿನ ಮೇಲೆ ವ್ಯಾಪಾರ! ಗಿರಾಕಿಗಳಿಗೆ ಹಬ್ಬ." ಆಕೆ ನಗುತ್ತಾ ಕಣ್ಣೊರೆಸಿಕೊಂಡಳು.

ರಬ್ಬರ್ ಹಾಸನ್ನು ಬ್ರೆಡ್ಡಣ್ಣ ಮತ್ತೆ ಮೊದಲಿನಂತೆ ಹಾಸಿದ್ದ. ತಟ್ಟೆ ಯಾರಿಗೂ ಕಾಣುವಂತಿರಲಿಲ್ಲ. ಹಿಂದಿನರ್ಧ ಕೈಬಿಟ್ಟು ಹೋಯಿತು. ಸರಿ, ಮುಂದಿನರ್ಧ ಇದೆಯಲ್ಲ, ಅಕ್ಕನ ಬೆರಳು ಸಿಕ್ಕಿದ ಬಾಗಿಲು. ಆಸೆಯಿಂದ ಅಕ್ಕನ ಕಡೆ ತಿರುಗಿದ.

ಅಕ್ಕ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದಳು. "ನನ್ನ ಬೆರಳು ಸಿಕ್ಕಿದ್ದು ನಿಜ ಕಣೋ. ಯಾವ ಬಾಗಿಲು ಅನ್ನೋದು ಗೊತ್ತಿಲ್ಲ. ಬಿಸಿಲಲ್ಲಿ ನೀನು ಅಷ್ಟು ಉಜ್ಜಿದ್ದು ನೋಡಿ ಅಂದುಬಿಟ್ಟೆ. ಅಂದಮೇಲೆ ನನಗೂ ಹಾಗೇ ಅನ್ನಿಸೋಕೆ ಶುರುವಾಯ್ತು."

ಅಕ್ಕನ ಮೇಲೆ ಸಿಟ್ಟು ಮಾಡಬೇಕೋ, ಈ ಅಮ್ಮನಿಗೆ ಗಾಡಿ ಬಿಟ್ಟುಕೊಡಬೇಕೋ, ಸುಮ್ಮನೆ ಹತ್ತಿ ಮನೆಗೆ ಹೋಗಬೇಕೋ ಅವನಿಗೆ ತಿಳಿಯಲಿಲ್ಲ. ಮಾರುಕಟ್ಟೆಯ ನಡುವೆ ಗಾಡಿಯ ಕೀಲಿ ಹಿಡಿದು, ತಪ್ಪಿ ಯಾರದೋ ಮನೆಯ ಬಾಗಿಲು ತಟ್ಟಿದವನ ಹಾಗೆ ನಿಂತ. ಕೊನೆಗೆ ಬಾಯಿಗೆ ಬಂದದ್ದು ಇಷ್ಟೇ:

"ಅಮ್ಮಾ, ಚೀಲ ಭಾರ ಇದೆ. ಹತ್ತಿ, ಮನೆಗೆ ಬಿಡ್ತೀನಿ."

ಹೆಂಡತಿ ಮತ್ತು ಅಕ್ಕ ನಗುತ್ತಲೇ ಹಿಂದಿನ ತೊಟ್ಟಿಗೆ ಹತ್ತಿದರು. ಆ ಅಮ್ಮ ಮುಂದೆ ಕೂತು ದಾರಿಯುದ್ದಕ್ಕೂ ಗಂಡನ ಕಥೆ ಹೇಳಿದಳು. ಆಮೇಲೆ ಪ್ರತಿ ಶನಿವಾರ ಆಕೆಯನ್ನು ಮಾರುಕಟ್ಟೆಗೆ ಕರೆದೊಯ್ಯುವುದು ರೂಢಿಯಾಯಿತು. ಆ ಹಣ್ಣಿನವನು ಇಳಿಜಾರಿನಲ್ಲಿ ಎಂಜಿನ್ ಆರಿಸಿ ಪೆಟ್ರೋಲು ಉಳಿಸುತ್ತಿದ್ದನಂತೆ. ಹಾರ್ನು ಕೆಟ್ಟರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ತಾನೇ ಕೂಗುತ್ತಿದ್ದನಂತೆ.

ವರ್ಷದ ಮೇಲೆ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಬ್ರೆಡ್ಡಣ್ಣ ಉತ್ಸಾಹದಿಂದ ಹೇಳುತ್ತಿದ್ದ: "ನಮ್ಮಪ್ಪ ಇದ್ರಲ್ಲ, ಹಾರ್ನು ಕೆಟ್ಟರೆ ಕಿಟಕೀಲಿ ತಲೆ ಹೊರಗೆ ಹಾಕಿ ಪೋಂ ಪೋಂ ಅಂತ ತಾವೇ..."

"ರೀ," ಎಂದಳು ಹೆಂಡತಿ ಮೆಲ್ಲಗೆ. "ಅದು ಆ ಅಮ್ಮನ ಯಜಮಾನರ ಕಥೆ."

ಬ್ರೆಡ್ಡಣ್ಣ ತುತ್ತು ಹಿಡಿದುಕೊಂಡೇ ಅವಳನ್ನು ನೋಡಿದ. ಅಪ್ಪನ ತಲೆ, ಕಿಟಕಿಯ ಆಚೆ, ಗಾಳಿಗೆ ಕೆದರಿದ ಕೂದಲು, ಎಲ್ಲ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಹೌದಾ?" ಎಂದ.