‘ಹಾಕಬಹುದು’ ಅಂದರೆ ‘ಹಾಕಬೇಕು’ ಅಲ್ಲ

ಗಡಿಗೆ ಹೊರಡುವ ಬಸ್ಸು ಮೂರು ಗಂಟೆಗೆ. ದೇಶದಿಂದ ಹೊರಹಾಕುವವರ ಪಟ್ಟಿಯಲ್ಲಿ ಹೊಲಿಗೆಯವಳ ಹೆಸರೂ ಇತ್ತು. ಪರದೇಶದಿಂದ ಬಂದು ಹನ್ನೊಂದು ವರ್ಷದಿಂದ ಈ ಊರಲ್ಲಿದ್ದವಳು, ವಾಸದ ಪರವಾನಗಿ ಮುಗಿದಿತ್ತು. ಗಂಡ ತೀರಿಕೊಂಡಿದ್ದ. ಎಂಟು ವರ್ಷದ ಮಗಳು ಮಾತ್ರ ಇಲ್ಲೇ ಹುಟ್ಟಿದವಳು, ಈ ದೇಶದ ಪ್ರಜೆ. ತಾಯಿಯನ್ನು ಹೊತ್ತು ಬಸ್ಸು ಹೊರಟರೆ ಮಗಳು ಅನಾಥಾಶ್ರಮದ ಪಾಲು.

ಎರಡೂಕಾಲಿಗೆ ಕೋರ್ಟಿನಲ್ಲಿ ಅವಳ ಪ್ರಕರಣ ಕೂಗಿದರು. ಹೊಲಿಗೆಯವಳ ವಕೀಲೆ ಎದ್ದು ನಿಂತಳು.

“ಮಕ್ಕಳ ವಿಚಾರದಲ್ಲಿ ಅವರ ಹಿತ ನೋಡ್ತೀವಿ, ಅವರ ಮಾತು ಕೇಳ್ತೀವಿ ಅಂತ ನಮ್ಮ ದೇಶ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದೆ, ಮಹಾಸ್ವಾಮಿ. ಈ ಮಗೂನ ಯಾರೂ ಏನೂ ಕೇಳಿಲ್ಲ.”

ಸರ್ಕಾರಿ ವಕೀಲರು ಥಟ್ಟನೆ ಎದ್ದರು. “ಸಂಸತ್ತು ಅದನ್ನ ಇನ್ನೂ ಕಾನೂನು ಮಾಡಿಲ್ಲ. ಈ ಕೋರ್ಟಿಗೂ ಅದಕ್ಕೂ ಏನು ಸಂಬಂಧ?”

ನ್ಯಾಯಾಧೀಶರು ಕಡ್ಡಿ ಮುರಿದಂತೆ ಮಾತಾಡುವವರು. “ಏನಮ್ಮ, ನಮ್ಮ ಕಾಯಿದೆ ಬಿಟ್ಟು ಒಪ್ಪಂದದ ಮೇಲೆ ತೀರ್ಪು ಕೊಡಿ ಅಂತೀರಾ?”

ವಕೀಲೆ ಕಾಯಿದೆ ಪುಸ್ತಕ ಬಿಚ್ಚಿದಳು. ಗಂಟೆ ಎರಡೂವರೆ.

“ಬಿಡೋದು ಬೇಡ, ಕಾಯಿದೇನೇ ಓದೋಣ. ಪರವಾನಗಿ ಮುಗಿದವರನ್ನ ಅಧಿಕಾರಿ ‘ಹೊರಹಾಕಬಹುದು’ ಅಂತಿದೆ, ‘ಹೊರಹಾಕಬೇಕು’ ಅಂತಿಲ್ಲ. ಅಂದಮೇಲೆ ಯೋಚಿಸೋಕೆ ಜಾಗ ಇದೆ. ಆ ಯೋಚನೇಲಿ ದೇಶ ಕೊಟ್ಟ ಮಾತೂ ಇರಲಿ ಅಂತಷ್ಟೇ ಕೇಳ್ತಿದೀನಿ.”

ನ್ಯಾಯಾಧೀಶರು ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಸರ್ಕಾರಿ ವಕೀಲರತ್ತ ತಿರುಗಿದರು.

“ಅಧಿಕಾರಿ ಮಗುವಿನ ಬಗ್ಗೆ ಏನು ಬರೆದಿದಾರೆ?”

ಸರ್ಕಾರಿ ವಕೀಲರು ಕಡತ ಮಗುಚಿದರು, ಮತ್ತೆ ಮಗುಚಿದರು. “ಏನೂ ಇಲ್ಲ, ಮಹಾಸ್ವಾಮಿ.”

“ಲೋಕದೆದುರು ಒಂದು ಮಾತು, ಮನೆಯೊಳಗೆ ಇನ್ನೊಂದು ಅನ್ನೋದು ಸಂಸತ್ತಿನ ಉದ್ದೇಶ ಇರಲಾರದು,” ಎಂದರು ನ್ಯಾಯಾಧೀಶರು. “ ಕಾಯಿದೆ ಬೇರೆ ಥರ ಸ್ಪಷ್ಟವಾಗಿ ಹೇಳದಿದ್ರೆ, ಒಪ್ಪಂದಕ್ಕೆ ಹೊಂದೋ ಹಾಗೇ ಓದಬೇಕು. ಹೊರಹಾಕೋ ಆದೇಶ ರದ್ದು. ಅಧಿಕಾರಿ ಮಗುವಿನ ಮಾತು ಕೇಳಿ, ತಿಂಗಳೊಳಗೆ ಹೊಸದಾಗಿ ತೀರ್ಮಾನಿಸಲಿ.”

ತೀರ್ಪಿಗೆ ಮೊಹರು ಬೀಳುವಷ್ಟರಲ್ಲಿ ಮೂರಕ್ಕೆ ಐದು ನಿಮಿಷ. ಬಸ್ಸು ನಿಂತಿದ್ದ ಪೊಲೀಸ್ ಠಾಣೆ ಎರಡು ಬೀದಿ ಆಚೆ. ವಕೀಲೆ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಬಸ್ಸು ಗೇಟಿನತ್ತ ತಿರುಗಿಬಿಟ್ಟಿತ್ತು. ಎರಡೂ ಕೈ ಚಾಚಿ ಅಡ್ಡ ನಿಂತಳು. ಇನ್ಸ್‌ಪೆಕ್ಟರ್ ಬೈಯುತ್ತಲೇ ಬಂದು, ಆದೇಶವನ್ನು ಅಕ್ಷರ ಬಿಡದೆ ಓದಿ, ಕೋರ್ಟಿಗೆ ಫೋನಾಯಿಸಿ, ಕೊನೆಗೆ ಬಾಗಿಲು ತೆಗೆಸಿದರು.

ಹೊಲಿಗೆಯವಳು ಇಳಿದಳು. “ಗೆದ್ವಾ, ಅಕ್ಕಾ?”

“ಇನ್ನೂ ಇಲ್ಲ. ಮೊದಲು ನಿನ್ನ ಮಗಳನ್ನ ಕೇಳ್ತಾರೆ.”

ಇಪ್ಪತ್ತನೇ ದಿನ ಕೇಳಿದರು. “ಅಮ್ಮ ಇಲ್ದಿದ್ರೆ ನಂಗೆ ನಿದ್ದೆ ಬರಲ್ಲ. ಅವಳಿಗೆ ಇಲ್ಲಿಯ ಅಕ್ಷರ ಓದೋಕೆ ಬರಲ್ಲ, ನಾನೇ ಓದಿ ಹೇಳಬೇಕು” ಎಂದಳು ಹುಡುಗಿ. ಅಧಿಕಾರಿ ಅದನ್ನು ಹಾಗೆಯೇ ಬರೆದುಕೊಂಡು, ತಾಯಿಗೆ ಎರಡು ವರ್ಷದ ಪರವಾನಗಿ ಕೊಟ್ಟರು.