ಎಡಗೆನ್ನೆಯ ಅಚ್ಚು

ನಾನು ಒಂದು ಏರ್ ರೈಫಲ್ಲಿನ ಸ್ಟಾಕು. ಕೋವಿಯ ಕಬ್ಬಿಣವನ್ನು ಮೈಮೇಲೆ ಹೊತ್ತು, ಗುರಿಯಿಡುವವರ ಹೆಗಲಿಗೂ ಕೆನ್ನೆಗೂ ಒರಗುವ ಭಾಗವೇ ನಾನು. ನನ್ನ ಬಳಗದವರು ಹೆಚ್ಚಾಗಿ ಮರದಲ್ಲಿ ಹುಟ್ಟುತ್ತಾರೆ. ನನ್ನದು ಫೈಬರ್‌ಗ್ಲಾಸಿನ ಮೈ. ಗಂಗೊಳ್ಳಿಯ ಒಂದು ಮನೆಯ ಹಿಂದಿನ ಚಪ್ಪರದಲ್ಲಿ, ಮೀನಿನ ಬುಟ್ಟಿಗಳ ಪಕ್ಕದಲ್ಲಿ ನಾನು ರೂಪ ಪಡೆದೆ. ಆ ಗಳಿಗೆಯಿಂದಲೇ ನನಗೆ ಭಯ.

ನನ್ನನ್ನು ಮಾಡಿದವರು ರಘುರಾಮ. ದೋಣಿಗಳ ಒಡೆದ ಮೈಗೆ ಫೈಬರ್ ತೇಪೆ ಹಾಕುವುದು ಅವರ ಕೆಲಸ. ಅವರ ಮಗಳು ನಿಶ್ಮಿತಾಳಿಗೆ ಹದಿನೇಳು ವರ್ಷ, ಎಡಗೈ ಬಳಕೆ. ಅವಳು ಕಲಿಯುವ ಶೂಟಿಂಗ್ ಕ್ಲಬ್ಬಿನ ರೈಫಲ್ಲುಗಳೆಲ್ಲ ಬಲಗೈಯವರಿಗಾಗಿ ಕೆತ್ತಿದವು. ಕುತ್ತಿಗೆ ತಿರುಚಿ ಗುರಿಯಿಟ್ಟು ಅವಳ ಕೆನ್ನೆ ಕಂದಿತ್ತು, ಗುರಿ ಮಾತ್ರ ಕೂಡಿರಲಿಲ್ಲ. ಕ್ಲಬ್ಬಿನ ಗುರು, ನಿವೃತ್ತ ಸುಬೇದಾರ್ ಶೇರಿಗಾರರು, ಮರ ಸೀಳಿಹೋದ ಒಂದು ಹಳೆಯ ರೈಫಲ್ಲನ್ನು ಅವಳಿಗೆ ಕೊಟ್ಟಿದ್ದರು.

"ಸ್ಟಾಕ್ ಬೇಕಾದ್ ಹಾಂಗ್ ಮಾಡ್ಕಣಿ. ಆದ್ರೆ ಕಬ್ಣ ಕ್ಲಬ್ಬಿಂದ್. ಅದ್ಕೊಂದ್ ಗೀರ್ ಬೀಳೂಕಾಗ" ಎಂದಿದ್ದರಂತೆ.

ರಾಜ್ಯ ಮಟ್ಟದ ಸ್ಪರ್ಧೆಗೆ ತಿಂಗಳಷ್ಟೇ ಉಳಿದಿತ್ತು. ಅದರಲ್ಲಿ ಆರುನೂರಕ್ಕೆ ಐನೂರ ಎಪ್ಪತ್ತು ಅಂಕ ಬಂದರೆ ಮಾತ್ರ ಮುಂದಿನ ಹಂತ. ಮರುವರ್ಷ ಅವಳ ವಯಸ್ಸು ಆ ವಿಭಾಗವನ್ನು ಮೀರುತ್ತಿತ್ತು.

ರಘುರಾಮರು ಮೊದಲು ಮೆದು ಮರದಲ್ಲಿ ನನ್ನ ಆಕಾರ ಕೆತ್ತಿದರು. ಕೆನ್ನೆಯೂ ಅಂಗೈಯೂ ತಾಗುವ ಕಡೆ ಹಸಿ ಜೇಡಿಮಣ್ಣು ಮೆತ್ತಿ ಮಗಳನ್ನು ಕರೆದರು.

"ಕೆನ್ನಿ ಒತ್ತ್ ಕಾಂಬ."

"ತಣ್ಣಗಿತ್ತ್ ಅಪ್ಪಯ್ಯ, ನಗಿ ಬತ್ತತ್ತ್."

"ನಗ್ರೆ ನಗಿ ಅಚ್ಚೇ ಬೀಳತ್ತ್. ಆಮೇಲ್ ಗುರಿ ಇಡುವಾಗ್ಳೂ ನಗ್ತಾ ನಿಲ್ಕ್, ಕಾಣ್!"

ಅವಳು ಉಸಿರು ಬಿಗಿಹಿಡಿದು ಎಡಗೆನ್ನೆಯನ್ನು ಒತ್ತಿದಳು. ಆ ಆಕಾರದ ಮೇಲಿಂದ ಎರಡು ಹೋಳಿನ ಅಚ್ಚು ತಯಾರಾಯಿತು. ಅಚ್ಚಿನೊಳಗೆ ಗಾಜಿನ ನಾರಿನ ಚಾಪೆ ಹಾಸಿ, ರಾಳಕ್ಕೆ ಗಟ್ಟಿಯಾಗಿಸುವ ದ್ರವ ಬೆರೆಸಿ, ಬ್ರಷ್ಷಿನಿಂದ ಕುಕ್ಕಿ ಕುಕ್ಕಿ ಪದರದ ಮೇಲೆ ಪದರ ಕೂರಿಸಿದರು. ಸ್ವಲ್ಪ ಹೊತ್ತಿಗೆ ಮೈ ತಾನಾಗಿಯೇ ಕಾಯತೊಡಗಿತು. ಬೆಂಕಿ ಇಲ್ಲ, ಬಿಸಿಲಿಲ್ಲ, ಆದರೂ ಸುಡುತ್ತಿದ್ದೆ. ಕರಗಿಹೋಗುತ್ತೇನೆಂದು ನಡುಗಿದೆ. ಕರಗಲಿಲ್ಲ, ಗಟ್ಟಿಯಾದೆ. ಎರಡು ಹೋಳುಗಳನ್ನು ಕೂಡಿಸಿ ಉಜ್ಜಿದಾಗ ನನಗೊಂದು ಮೈ ಬಂತು, ಬದಿಯಲ್ಲಿ ಆ ಹುಡುಗಿಯ ಕೆನ್ನೆಯಷ್ಟೇ ತಗ್ಗು.

ಇನ್ನು ಉಳಿದದ್ದು ಕಬ್ಬಿಣ ಕೂರಿಸುವುದು. ನನ್ನ ಬೆನ್ನಿನ ಹಳ್ಳಕ್ಕೆ ಮಂದವಾದ ರಾಳ ತುಂಬಿ, ಅದರೊಳಗೆ ಕಬ್ಬಿಣವನ್ನು ಒತ್ತಬೇಕು. ಅದರ ಅಚ್ಚು ಹಳ್ಳದಲ್ಲಿ ಕೂದಲೆಳೆಯಷ್ಟೂ ಸಡಿಲವಿಲ್ಲದೆ ಬೀಳಬೇಕು. ಒಣಗಿದ ಮೇಲೆ ಕಬ್ಬಿಣ ಎದ್ದು ಬರಬೇಕು. ಎಣ್ಣೆ ಬಿಡಲು, ಟ್ರಿಗರ್ ಸರಿಮಾಡಲು ಅದು ಆಗಾಗ ಹೊರಬರಲೇಬೇಕು. ರಾಳ ಹಿಡಿಯದಿರಲೆಂದು ಅದಕ್ಕೆ ಮೇಣ ಸವರುವ ಕೆಲಸವನ್ನು ರಘುರಾಮರ ಹೆಂಡತಿ ಜಲಜಾ ವಹಿಸಿಕೊಂಡರು. ಮಾರ್ಕೆಟ್ಟಿನಲ್ಲಿ ಮೀನು ಮಾರಿ ಬಂದು, ಅನ್ನಕ್ಕಿಟ್ಟು, ಅದು ಬೇಯುವುದರೊಳಗೆ ಮೂರು ಸಲ ಮೇಣ ಸವರಿ ಒಣಗಿಸಿದರು.

ಅಲ್ಲಿಯೇ ತಪ್ಪಾದದ್ದು. ಇಪ್ಪತ್ತು ವರ್ಷ ದೋಣಿಗೆ ತೇಪೆ ಹಾಕಿದ ಕೈ ರಘುರಾಮರದ್ದು. ತೇಪೆಯಡಿ ಒಂದು ಹನಿ ಜಿಡ್ಡು ಉಳಿದರೂ ನಡುಗಡಲಲ್ಲಿ ಅದು ಕಿತ್ತುಬರುತ್ತದೆ. ದೋಣಿಯಲ್ಲಿದ್ದವರ ಗತಿ ಮುಗಿಯುತ್ತದೆ. ಹಾಗಾಗಿ ರಾಳ ಮುಟ್ಟುವ ಮುಂಚೆ ಅವರ ಕೈ ತಾನಾಗಿ ಜಿಡ್ಡು ತೆಗೆಯುವ ಥಿನ್ನರ್ ಬಟ್ಟೆಯತ್ತ ಹೋಗುತ್ತದೆ. ಅಂದೂ ಹೋಯಿತು. ಹೆಂಡತಿ ಸವರಿದ ಮೂರು ಪದರ ಮೇಣವನ್ನೂ ಒರೆಸಿ, ಫಳಫಳ ಹೊಳೆಯುವ ಕಬ್ಬಿಣವನ್ನು ನನ್ನೊಳಗೆ ಒತ್ತಿ ಬಿಗಿದುಬಿಟ್ಟರು.

ಮರುದಿನ ಬೆಳಿಗ್ಗೆ ಎಳೆದರು. ಬರಲಿಲ್ಲ. ಕಾಲಿನಿಂದ ನನ್ನನ್ನು ಒತ್ತಿ ಹಿಡಿದು ಎಳೆದರು. ಬರಲಿಲ್ಲ. ಬದಿಯಲ್ಲಿ ಬಿದ್ದಿದ್ದ ಥಿನ್ನರ್ ಬಟ್ಟೆಯ ಮೇಲೆ ಅವರ ಕಣ್ಣು ಹೋಯಿತು.

"ನಾನೇ ಒರ್ಸಿ ಬಿಟ್ಟೆ ಮಾರಾಯ್ತಿ" ಎಂದರು ಹೆಂಡತಿಗೆ. "ಶನಿವಾರ ಸ್ಪರ್ಧೆ. ಸುಬೇದಾರ್ರಿಗೆ ಎಂತ ಹೇಳೂದ್?"

ನಿಶ್ಮಿತಾ ಬಾಗಿಲಲ್ಲಿ ನಿಂತಿದ್ದಳು. ಉಗುರು ಕಚ್ಚುತ್ತ ನನ್ನನ್ನೇ ನೋಡಿದಳು.

ರಘುರಾಮರು ಫೈಬರ್ ಕತ್ತರಿಸುವ ಗ್ರೈಂಡರ್ ತಂದರು. ಅದು ಕಿರುಚಿತು. ತಿರುಗುವ ಗಾಲಿಯನ್ನು ನಾನು ಕೆಳಗಿನಿಂದ ನೋಡುತ್ತಿದ್ದೆ. ಓಡಲು ಕಾಲಿಲ್ಲ, ಬೇಡವೆನ್ನಲು ಬಾಯಿಲ್ಲ. ಕಬ್ಬಿಣ ಉಳಿಯಬೇಕಾದರೆ ನನ್ನನ್ನು ಸೀಳಬೇಕಿತ್ತು. ನನಗಿನ್ನೂ ಒಂದು ವಾರವೂ ತುಂಬಿರಲಿಲ್ಲ.

"ಹ್ವಾಯ್, ನಿಲ್ಸಿ ಅದನ್ನ!" ಜಲಜಾ ಬಂದು ಪ್ಲಗ್ ಕಿತ್ತರು. "ನನ್ ಅಲ್ಯೂಮಿನಿಯಂ ಬೋಗುಣಿ ಒಂದ್ರೊಳ್ಗೊಂದ್ ಸಿಕ್ಕಂಡ್ರೆ ನಾನ್ ಎಂತ ಮಾಡ್ತೆ? ಗ್ರೈಂಡರ್ ಹಿಡಿತ್ನಾ?"

"ಎಂತ ಮಾಡ್ತೆ?"

"ಒಳ್ಗಿನ್ ಬೋಗುಣಿಗೆ ಐಸ್ ತುಂಬ್ಸ್ತೆ. ತಣುದ್ರೆ ಲೋಹ ಕುಗ್ಗತ್ತ್. ಟಣ್ ಅಂತ ಬಿಡತ್ತ್. ಇಷ್ಟ್ ವರ್ಷ ಮೀನ್ ಮಾರಿದ್ ಸುಮ್ನೆಯಾ?"

"ಅದ್ ಬೋಗುಣಿ. ಇದ್ ಕೋವಿ."

"ಐಸಿಗೆ ಕೋವಿ ಯಾವ್ದ್, ಬೋಗುಣಿ ಯಾವ್ದ್ ಅಂದ್ ಗೊತ್ತಿತ್ತಾ?"

ನಿಶ್ಮಿತಾಳಿಗೆ ನಗು ಬಂತು. ರಘುರಾಮರಿಗೆ ಬರಲಿಲ್ಲ, ಆದರೆ ಗ್ರೈಂಡರ್ ಕೆಳಗಿಟ್ಟರು.

ನೀರು ತಾಗದಂತೆ ನಮ್ಮಿಬ್ಬರನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೀನಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಪುಡಿ ಐಸನ್ನೂ ಕಲ್ಲುಪ್ಪನ್ನೂ ಮೇಲೆ ಸುರಿದು ಮುಚ್ಚಳ ಹಾಕಿದರು. ಒಳಗೆಲ್ಲ ಕತ್ತಲೆ, ಬಂಗುಡೆಯ ವಾಸನೆ. ಬೆನ್ನಿನ ಮೇಲಿನ ಕಬ್ಬಿಣ ಚಿಟಿಚಿಟಿ ಎಂದು ಕುಗ್ಗುತ್ತಿತ್ತು. ಒಂದೊಂದು ಸದ್ದಿಗೂ ಸೀಳಿಹೋದೆನೇನೋ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಹೊರತೆಗೆದು ರಘುರಾಮರು ಮರದ ಕೊಡತಿಯಿಂದ ಒಂದೇ ಏಟು ಕೊಟ್ಟರು. ಕಬ್ಬಿಣ ಟಣ್ಣನೆ ಬಿಟ್ಟುಕೊಂಡಿತು, ಮೈಮೇಲೆ ಗೀರಿಲ್ಲ. ಅಂಗೈ ಹಿಡಿಯುವ ನನ್ನ ಕುತ್ತಿಗೆಯ ಹತ್ತಿರ ಮಾತ್ರ ಕೂದಲೆಳೆಯಂಥ ಬಿರುಕು ಮೂಡಿತು. ರಘುರಾಮರು ಅದಕ್ಕೆ ರಾಳ ತುಂಬಿ ಉಜ್ಜಿದರು. ಹೊರಗೆ ಕಾಣದಂತಾಯಿತು. ಒಳಗೆ ಅದು ಇದೆಯೆಂದು ನನಗೆ ಗೊತ್ತಿತ್ತು.

ಕಬ್ಬಿಣವನ್ನು ಮತ್ತೆ ಕೂರಿಸಿ ನನ್ನನ್ನು ಅಭ್ಯಾಸಕ್ಕೆ ಒಯ್ದರು. ಮೊದಲ ಹೊಡೆತಕ್ಕೆ ಸಿಡಿಲು ಬಡಿಯುತ್ತದೆಂದು ಕಾದಿದ್ದೆ. ಬಂದದ್ದು 'ಟಪ್' ಎಂಬ ಸಣ್ಣ ಸದ್ದು. ಅವಳ ಕೆನ್ನೆ ತನ್ನ ತಗ್ಗಿನಲ್ಲಿ ಬಂದು ಕೂತಾಗ ಮಾತ್ರ ನಾನು ಬೆಚ್ಚಿದೆ. ಅವಳ ಎದೆಬಡಿತ ಕೆನ್ನೆಯಿಂದ ನನಗೆ ನೇರವಾಗಿ ದಾಟುತ್ತಿತ್ತು. ಅವಳು ನನಗಿಂತ ಹೆಚ್ಚು ಹೆದರಿದ್ದಳು.

ಸ್ಪರ್ಧೆಯ ದಿನ ಅರವತ್ತು ಹೊಡೆತಗಳು. ಮೊದಲ ಮೂವತ್ತು ಚೆನ್ನಾಗಿಯೇ ಹೋದವು. ಆಮೇಲೆ ಅವಳ ಅಂಗೈ ಬೆವರಿತು, ಹಿಡಿತ ಬಿಗಿಯಾಯಿತು. ನನ್ನ ಕುತ್ತಿಗೆಯಲ್ಲಿ ಹಳೆಯ ಬಿರುಕು ಮೆಲ್ಲನೆ ಬಾಯಿ ತೆರೆಯಿತು. ಅವಳಿಗೂ ತಿಳಿಯಿತು. ಹತ್ತು ಅಂಕ ಬೀಳಬೇಕಾದ ಕಡೆ ಒಂದು ಎಂಟು, ಮತ್ತೊಂದು ಎಂಟು. ರೈಫಲ್ ಇಳಿಸಿ ಹಿಂದಕ್ಕೆ ತಿರುಗಿದಳು. ಗ್ಯಾಲರಿಯಲ್ಲಿ ಅಪ್ಪ ಎದ್ದು ನಿಂತಿದ್ದರು. ಅವರ ಪಕ್ಕ ಜಲಜಾ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು.

ಇಲ್ಲಿ ನಿಲ್ಲಿಸುತ್ತಾಳೆ, ನಾನು ಮುಗಿದೆ ಎಂದುಕೊಂಡೆ.

ಅವಳು ಬೆರಳುಗಳನ್ನು ಬಿಡಿಸಿ ಬಟ್ಟೆಗೆ ಒರೆಸಿಕೊಂಡಳು. ಮತ್ತೆ ನನ್ನನ್ನು ಎತ್ತಿಕೊಂಡಾಗ ಹಿಡಿತವೇ ಬೇರೆ. ಹಾಲುಗಲ್ಲದ ಮಗುವಿನ ಕುತ್ತಿಗೆಗೆ ಕೈಯಾನಿಸಿದಷ್ಟು ಹಗುರ. ನೋವಾಗದಂತೆ ಹಿಡಿದಳು, ನೋವಾಗದಂತೆ ಉಸಿರು ಬಿಟ್ಟಳು. ಬಿಗಿಹಿಡಿತದ ನಡುಕ ನಿಂತಿತು. ಹತ್ತು. ಒಂಬತ್ತು. ಹತ್ತು. ಉಳಿದ ಹೊಡೆತಗಳನ್ನು ಎಣಿಸುವ ಧೈರ್ಯ ನನಗಿರಲಿಲ್ಲ. ಒಂದೊಂದಕ್ಕೂ ಇದೇ ಕೊನೆಯದೆಂದು ಸಾಯುತ್ತಿದ್ದೆ.

ಫಲಕದಲ್ಲಿ ಐನೂರ ಎಪ್ಪತ್ತೊಂದು ಎಂದು ಬಂತು.

ರಘುರಾಮರು ಓಡಿ ಬಂದು ಮೊದಲು ಬಿರುಕನ್ನು ನೋಡಿದರು. "ನನ್ ತಪ್ಪಿಂದ ನಿಂಗೆ..." ಎಂದು ಹೆಬ್ಬೆರಳಿನಿಂದ ಅದನ್ನು ಸವರಿದರು.

"ಅಪ್ಪಯ್ಯ, ಬಿರ್ಕ್ ಬಿಡ್ದಿದ್ರೆ ನಾನ್ ಕೈ ಸಡ್ಲ ಬಿಡ್ತಿರ್ಲಿಲ್ಲ" ಎಂದಳು ಅವಳು.

ಶೇರಿಗಾರರು ಕಬ್ಬಿಣವನ್ನು ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿದರು. ಒಂದು ಗೀರೂ ಕಾಣದೆ ಮೆಚ್ಚಿ ತಲೆಯಾಡಿಸಿದರು. ಜಲಜಾ ಐಸಿನ ವಿಷಯ ಬಾಯಿ ಬಿಡಲಿಲ್ಲ.

ಇದೆಲ್ಲ ಆಗಿ ಎಂಟು ವರ್ಷ. ನಿಶ್ಮಿತಾಳಿಗೆ ಮುಂದೆ ಎಡಗೈಯ ಹೊಸ ರೈಫಲ್ ಸಿಕ್ಕಿತು. ನನ್ನ ಕುತ್ತಿಗೆಗೆ ಪಟ್ಟಿ ಸುತ್ತಿ ಕ್ಲಬ್ಬಿಗೆ ಕೊಟ್ಟರು. ಎಡಗೈಯ ನಾಲ್ಕೈದು ಮಂದಿ ನನ್ನ ಮೇಲೆ ಕಲಿತು ಹೋದರು. ಈಗ ನನ್ನ ಮೈಮೇಲೆ ಕಬ್ಬಿಣವೂ ಇಲ್ಲ. ಕಪಾಟಿನ ಬದಿಯ ಮೊಳೆಗೆ ನೇತುಬಿದ್ದಿದ್ದೇನೆ. ಹೊಸಬರು ಬಂದರೆ ಹಿಡಿಯುವ ಬಗೆ ಕಲಿಸಲು ನನ್ನನ್ನು ಇಳಿಸುತ್ತಾರೆ.

ಭಯ ಹೋಗಿಲ್ಲ. ಯಾರಾದರೂ ಎತ್ತಿಕೊಂಡರೆ ಕುತ್ತಿಗೆ ಇಂದಾದರೂ ಮುರಿದೀತು ಎನಿಸುತ್ತದೆ. ಆದರೆ ಬರುವವರ ಕೆನ್ನೆ ನನಗೆ ತಾಗಿದ ಕೂಡಲೇ ಅವರ ಎದೆಯೂ ಡವಡವ ಎನ್ನುವುದು ಕೇಳಿಸುತ್ತದೆ. ಆಗ ನಾನು ಮಾಡಬಲ್ಲದ್ದು ಒಂದೇ, ಅಲುಗದೆ ಇರುವುದು. ಅವರು ಉಸಿರು ಬಿಡುವವರೆಗೆ ಹಾಗೆಯೇ ಇರುತ್ತೇನೆ.